ಕಿಲ್ತಾನಿನಿಂದ ತಂಗಿಯನ್ನು ಕರೆತಂದದ್ದು

ಮೇ ತಿಂಗಳ ಮೊದಲ ವಾರದ ಒಂದು ಬೆಳಿಗ್ಗೆ ನಮ್ಮೂರಿನ ಅರಳಿಕಟ್ಟೆಯ ಮುಂದೆ ದೇವನಹಳ್ಳಿ ಬಸ್ಸು ಹತ್ತಿದೆ. ಕೈಯಲ್ಲಿ ಎರಡು ಚೀಲ, ತಲೆಯ ಮೇಲೆ ಒಂದು ಟ್ರಂಕು. ಒಂದು ಚೀಲದಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ಹುಣಸೆಹಣ್ಣು. ಇನ್ನೊಂದರಲ್ಲಿ ತಂಬಿಟ್ಟು, ಹಸಿರು ಬಳೆ, ದೊಡ್ಡಬಳ್ಳಾಪುರದ ಒಂದು ಸೀರೆ, ಮಡಿಲಕ್ಕಿಗೆ ಬೇಕಾದ ಅಕ್ಕಿ, ಬೆಲ್ಲ, ಐದು ತೆಂಗಿನಕಾಯಿ. ಕಾಲವಲ್ಲದ ಕಾಲದಲ್ಲಿ ಅವ್ವ ಎಲ್ಲಿಂದಲೋ ಹುಡುಕಿ ತಂದ ಒಂದೇ ಒಂದು ಚಕ್ಕೋತ ಟ್ರಂಕಿನಲ್ಲಿ ನನ್ನ ಬಟ್ಟೆಗಳ ನಡುವೆ ಕೂತಿತ್ತು. ಕಂಡಕ್ಟರು, "ಯಾವ ಕಡೆ ಗೌಡ್ರೆ, ಇಷ್ಟೊಂದು ಹೊರೆ?" ಎಂದ. "ಸಮುದ್ರದಾಚೆಗೆ" ಎಂದೆ. ಅವನು ನಕ್ಕು ದೇವನಹಳ್ಳಿಗೆ ಟಿಕೆಟ್ ಹರಿದ.

ನಾನು ಹೇಳಿದ್ದು ನಿಜ. ಅರಬ್ಬೀ ಸಮುದ್ರದಲ್ಲಿರುವ ಕಿಲ್ತಾನ್ ಎಂಬ ಪುಟ್ಟ ದ್ವೀಪಕ್ಕೆ ನಾನು ಹೊರಟಿದ್ದೆ. ಲಕ್ಕದೀವಿ ಎಂಬ ಹಳೆಯ ಹೆಸರು ಹೋಗಿ ಲಕ್ಷದ್ವೀಪ ಎಂಬ ಹೊಸ ಹೆಸರು ಬಂದ ಮರುವರ್ಷ ಅದು. ನನ್ನ ತಂಗಿ ಸರೋಜಳ ಗಂಡ ನಾಗರಾಜು ಹೊಸಕೋಟೆ ಕಡೆಯವರು. ವೈರ್‌ಲೆಸ್ ಆಪರೇಟರ್ ಆಗಿ ಆ ದ್ವೀಪಕ್ಕೆ ವರ್ಗವಾಗಿದ್ದರು. ಸರೋಜಳಿಗೆ ಏಳು ತಿಂಗಳು ತುಂಬಿತ್ತು. ಮೇ ನಡುವಿನ ಹೊತ್ತಿಗೆ ಮುಂಗಾರಿನ ಅಲೆ ಎದ್ದರೆ ಹಡಗು ನಿಂತುಹೋಗುತ್ತದೆ, ಮತ್ತೆ ಬರುವುದು ಸೆಪ್ಟೆಂಬರಿನಲ್ಲಿ. ಅಲ್ಲಿದ್ದುದು ಒಂದು ಚಿಕ್ಕ ಔಷಧಾಲಯ ಮಾತ್ರ. ಈ ಹಡಗು ತಪ್ಪಿದರೆ ಅವಳ ಹೆರಿಗೆ ಅಲ್ಲೇ ಆಗಬೇಕು.

"ನೀವ್ಯಾರೂ ಇಲ್ಲಿಯವರೆಗೆ ಬರುವುದು ಬೇಡ, ಪರಿಚಯದ ಹೆಂಗಸರ ಜೊತೆ ಹಡಗು ಹತ್ತಿಸುತ್ತೇನೆ, ಕಲ್ಲಿಕೋಟೆಗೆ ಬಂದು ಕರೆದುಕೊಂಡರೆ ಸಾಕು" ಎಂದು ನಾಗರಾಜು ಬರೆದಿದ್ದರು. ನಾನು ಅದನ್ನು ಓದಿ ಹೇಳಿದಾಗ ಅಪ್ಪ ಕೂತಲ್ಲಿಂದ ಎದ್ದೇಬಿಟ್ಟರು.

"ಕಲ್ಲಿಕೋಟೇಲಿ ನಿಂತ್ಕೊಂಡು ಇಸ್ಕೊಳ್ಳೋಕೆ ಅವಳೇನು ಪಾರ್ಸಲ್ಲಾ? ಮೊದಲ್ನೇ ಬಾಣಂತನ. ತವರಿನೋರು ಹೋಗಿ ಬಾಗ್ಲಲ್ಲಿ ನಿಂತು ಕರೀದೆ ನಮ್ಮನೆ ಹೆಣ್ಮಗಳು ಹೊಸ್ಲು ದಾಟಿದ್ದುಂಟೇನ್ಲಾ? ಹೋಗ್ಬಿಟ್ಟು ಬಾ."

ನಮ್ಮಪ್ಪನ ವಿಷಯ ಸ್ವಲ್ಪ ಹೇಳಬೇಕು. ನಾವು ಬೇಸಾಯದವರೇ. ಆದರೆ ಬೇಸಿಗೆ ಬಂತೆಂದರೆ ಆವತಿ ಸುತ್ತಿನ ಹಳ್ಳಿಗಳಲ್ಲಿ ಬಾವಿ ತೋಡಿಸಲು ಅಪ್ಪನನ್ನೇ ಕರೆಯುತ್ತಿದ್ದರು. ಬಂಡೆ ಸೀಳಿ ಅರವತ್ತು ಅಡಿ ಇಳಿದರೂ ಅವರ ಕೆಲಸದಲ್ಲಿ ಒಬ್ಬನಿಗೂ ಕೈಕಾಲು ಮುರಿದದ್ದಿಲ್ಲ. ಹಗ್ಗವನ್ನು ತಾವೇ ಕತ್ತಾಳೆ ನಾರಿನಿಂದ ಹೊಸೆಯುತ್ತಿದ್ದರು, ಅಂಗಡಿ ಹಗ್ಗವನ್ನು ದನಕ್ಕೂ ಕಟ್ಟುತ್ತಿರಲಿಲ್ಲ. ಮಣೆಗೆ ಹಗ್ಗ ಕಟ್ಟಿ ಅದರ ಮೇಲೆ ಆಳನ್ನು ಕೂರಿಸಿ ಬಾವಿಗೆ ಇಳಿಸುವ ವಿದ್ಯೆ ನನಗೆ ಅವರಿಂದಲೇ ಬಂದದ್ದು. ಹೆಣ್ಣುಮಕ್ಕಳು ಮಾತ್ರ ಹಗ್ಗ ಹೊಸೆಯಬಾರದು ಎಂಬುದು ಅವರ ಕಟ್ಟುನಿಟ್ಟು. ಸರೋಜ ಚಿಕ್ಕವಳಿದ್ದಾಗ ನಾರು ಮುಟ್ಟಿದರೆ ಸಾಕು, ಗದರಿ ಎಬ್ಬಿಸುತ್ತಿದ್ದರು.

ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ ದಾಟಿ ಕಾಡಿನೊಳಗೆ ಬಸ್ಸು ನುಗ್ಗಿತು. ವಯನಾಡಿನ ಘಾಟಿ ಇಳಿಯುವಾಗ ತಿರುವು ತಿರುವಿಗೂ ನನ್ನ ತೆಂಗಿನಕಾಯಿಗಳು ಚೀಲದಿಂದ ಜಾರಿ ಸೀಟುಗಳ ಕೆಳಗೆ ಉರುಳಾಡಿದವು. ಕಲ್ಲಿಕೋಟೆಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಬಂದರಿಗೆ ಹೋದೆ. ಆ ದ್ವೀಪಗಳಿಗೆ ಹೊರಗಿನವರು ಹೋಗಲು ಸರ್ಕಾರದ ಪರವಾನಗಿ ಬೇಕು, ಅಪ್ಪನ ಹಟವನ್ನು ಬರೆದು ತಿಳಿಸಿದ ಮೇಲೆ ನಾಗರಾಜು ಅದನ್ನು ಮಾಡಿಸಿ ಕಳಿಸಿದ್ದರು. ಡೆಕ್ಕಿನ ಟಿಕೆಟ್ಟಿಗೆ ನಾನು ಅಲ್ಲಿಯವರೆಗೆ ಕೊಟ್ಟ ಬಸ್ ಚಾರ್ಜಿಗಿಂತ ಕಡಿಮೆಯೇ ಆಯಿತು. ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲಿ ನಿಂತಿರುತ್ತದೆ, ನಾವೇ ದೋಣಿಯಲ್ಲಿ ಹೋಗಿ ಹತ್ತಬೇಕು.

ಡೆಕ್ಕಿನ ಮೇಲೆ ದ್ವೀಪದವರು ಚಾಪೆ ಹಾಸಿ ಕೂತಿದ್ದರು. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಕೋಳಿ, ಮೇಕೆ ಎಲ್ಲವೂ ಜೊತೆಗಿದ್ದವು. ನನ್ನ ಚೀಲದಿಂದ ಇಣುಕುತ್ತಿದ್ದ ತೆಂಗಿನಕಾಯಿಯನ್ನು ಒಬ್ಬ ನೋಡಿ ಪಕ್ಕದವನಿಗೆ ತೋರಿಸಿದ. ಅವನು ಇನ್ನೊಬ್ಬನಿಗೆ ಹೇಳಿದ. ಸ್ವಲ್ಪ ಹೊತ್ತಿಗೆ ಇಡೀ ಡೆಕ್ಕು ನಗುತ್ತಿತ್ತು. ತೆಂಗು ಬಿಟ್ಟರೆ ಬೇರೆ ಬೆಳೆಯೇ ಇಲ್ಲದ ನಾಡಿಗೆ ಮೈಸೂರು ಸೀಮೆಯಿಂದ ತೆಂಗಿನಕಾಯಿ ಹೊತ್ತು ತಂದವನು ನಾನೇ ಮೊದಲಿರಬೇಕು. ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ. ಮಗಳ ಮಡಿಲಿಗೆ ತವರಿನ ತೋಟದ ಕಾಯಿಯೇ ಆಗಬೇಕು. ಅದನ್ನು ಅವರಿಗೆ ತಿಳಿಸಲು ನನಗೆ ಮಲಯಾಳ ಬರುತ್ತಿರಲಿಲ್ಲ, ಅಷ್ಟೆ.

ಸಂಜೆಗೆ ನೆಲ ಕಣ್ಣಿಗೆ ಮರೆಯಾಯಿತು. ನಮ್ಮ ಕಡೆ ಎಲ್ಲಿ ನಿಂತರೂ ನಂದಿಬೆಟ್ಟವೋ ಆವತಿಯ ಬೆಟ್ಟವೋ ಕಾಣುತ್ತಲೇ ಇರುತ್ತದೆ, ಅದನ್ನು ನೋಡಿಯೇ ದಿಕ್ಕು ಹೇಳುತ್ತೇವೆ. ಇಲ್ಲಿ ಕಣ್ಣು ಊರಲು ಒಂದು ಗುಡ್ಡವೂ ಇರಲಿಲ್ಲ. ಹೆದರಿದೆನೇ ಎಂದರೆ ಹೆದರಿದೆ. ಆದರೆ ನನಗೆ ವಾಂತಿಯಾಗಲಿಲ್ಲ ಎಂದು ಊರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಇಲ್ಲಿ ಬರೆಯುವಾಗ ಇಷ್ಟು ಸೇರಿಸುತ್ತೇನೆ: ಒಂದು ಸಲ ಆಯಿತು, ಅದೂ ಸ್ವಲ್ಪ.

ಮರುದಿನ ಹೊತ್ತೇರಿದ ಮೇಲೆ ಕಿಲ್ತಾನ್ ಕಾಣಿಸಿತು. ನೀರಿನ ಮೇಲೆ ಒಂದು ಹಸಿರು ಗೆರೆ, ಅದರ ಕೆಳಗೆ ಒಂದು ಬಿಳಿ ಗೆರೆ, ಇಷ್ಟೇ. ಹತ್ತಿರ ಹೋದ ಹಾಗೆ ಹಸಿರು ಗೆರೆ ತೆಂಗಾಯಿತು, ಬಿಳಿ ಗೆರೆ ಮರಳಾಯಿತು. ಪಡುವಣ ಬದಿಯಲ್ಲಿ ದ್ವೀಪದಿಂದ ಸ್ವಲ್ಪ ದೂರಕ್ಕೆ ಹವಳದ ಒಂದು ದಿಬ್ಬ ನೀರಿನೊಳಗೇ ಗೋಡೆಯಂತೆ ಹಬ್ಬಿದೆ. ಅಲೆಗಳೆಲ್ಲ ಅದಕ್ಕೆ ಬಡಿದು ಒಡೆಯುತ್ತವೆ, ಒಳಗಿನ ನೀರು ನಮ್ಮೂರ ಕೆರೆಯಷ್ಟೇ ಶಾಂತವಾಗಿರುತ್ತದೆ. ದಿಬ್ಬದಲ್ಲಿ ಒಂದು ಕಂಡಿಯಿದೆ, ದೋಣಿಗಳು ಅದರಲ್ಲೇ ನುಸುಳಬೇಕು. ಹಡಗು ಹೊರಗೇ ನಿಂತಿತು.

ನನ್ನನ್ನು ಇಳಿಸಿಕೊಂಡ ದೋಣಿಯ ಒಡೆಯನನ್ನು ಅಲ್ಲಿಯವರು ಕೋಯಾ ಕಾಕ ಎನ್ನುತ್ತಿದ್ದರು. ಬಿಳಿ ಗಡ್ಡದ, ಗಟ್ಟಿ ಮೈಯ ಮನುಷ್ಯ. ಈ ದ್ವೀಪ ಹಿಂದೆ ದಕ್ಷಿಣ ಕನ್ನಡಕ್ಕೇ ಸೇರಿತ್ತು, ಇವರ ತೆಂಗಿನ ಹುರಿಯೆಲ್ಲ ಹಾಯಿದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಆ ಬಂದರಿನಲ್ಲಿ ಕಲಿತ ಕನ್ನಡ ಅವರ ಬಾಯಲ್ಲಿತ್ತು.

"ನೀವು ಸರೋಜಮ್ಮನ ಅಣ್ಣ ಅಲ್ವಾ? ತೆಂಗಿನಕಾಯಿ ತಂದವರು?" ಎಂದರು. ಸುದ್ದಿ ನನಗಿಂತ ಮೊದಲೇ ಇಳಿದಿತ್ತು.

ಮರಳಿನ ಮೇಲೆ ಸರೋಜ ಗಂಡನ ಜೊತೆ ನಿಂತಿದ್ದಳು. ಕಪ್ಪಾಗಿದ್ದಳು, ಕೆನ್ನೆ ತುಂಬಿಕೊಂಡಿದ್ದಳು. ನನ್ನನ್ನು ಕಂಡವಳೇ, "ಅಣ್ಣ, ಒಬ್ನೇ ಬಂದ್ಬಿಟ್ಯಾ? ಸಮುದ್ರ ದಾಟಿ?" ಎಂದು ಅತ್ತಳು. "ಹೂಂ ಕಣಮ್ಮ. ಅಪ್ಪ ಕಳ್ಸವ್ರೆ. ಕರೆಯೋಕೆ ಬಂದಿದ್ದೀನಿ" ಎಂದೆ. ಅವರ ಮನೆಗೆ ಹೋಗಿ ಬಾಗಿಲ ಮುಂದೆ ನಿಂತು ಅದೇ ಮಾತನ್ನು ಶಾಸ್ತ್ರಕ್ಕಾಗಿ ಇನ್ನೊಮ್ಮೆ ಹೇಳಿದೆ. ಚಕ್ಕೋತವನ್ನು ಅವಳು ಮೂಸಿ ಮೂಸಿ ನೋಡಿದಳು, ಸುಲಿದು ನನಗೆ ಎರಡೇ ತೊಳೆ ಕೊಟ್ಟು ಉಳಿದದ್ದನ್ನೆಲ್ಲ ತಾನೇ ತಿಂದಳು.

ಹಡಗು ಉಳಿದ ದ್ವೀಪಗಳನ್ನು ಸುತ್ತಿ ನಾಲ್ಕು ದಿನಕ್ಕೆ ಹಿಂದಿರುಗಬೇಕಿತ್ತು. ಆ ಬಿಡುವಿನಲ್ಲಿ ನಾನು ಊರು ನೋಡಿದೆ. ಉದ್ದ ಎರಡು ಮೈಲಿ ಇರಬಹುದು, ಅಗಲ ಅರ್ಧ ಮೈಲಿಯೂ ಇಲ್ಲ. ಪಡುವಣ ದಡದಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದನ್ನು ಉಗುಳುವಷ್ಟರಲ್ಲಿ ಮೂಡಣ ದಡ ಬಂದಿರುತ್ತದೆ. ಮಣ್ಣು ಎಂಬುದೇ ಇಲ್ಲ, ಎಲ್ಲಾ ಹವಳದ ಪುಡಿ. ಹೊಸಬನನ್ನು ಕಂಡು ಬೊಗಳಲು ಒಂದು ನಾಯಿಯೂ ಇಲ್ಲ. ನಮ್ಮಲ್ಲಿ ಮೇ ತಿಂಗಳಲ್ಲೂ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುತ್ತೇವೆ, ಅಲ್ಲಿ ಹಗಲು ರಾತ್ರಿ ಒಂದೇ ಸೆಕೆ, ಉಪ್ಪಿನ ಗಾಳಿಗೆ ಮೈ ಅಂಟಂಟು. ಊಟಕ್ಕೆ ಅನ್ನ, ಮೀನು, ಪುಟ್ಟ ಹಲಸಿನಂಥ ಜೀಗುಜ್ಜೆ, ಎಲ್ಲಕ್ಕೂ ತೆಂಗು. ಸರೋಜ ಮಾಡಿದ ರಾಗಿಮುದ್ದೆಯನ್ನು ಕೋಯಾ ಕಾಕನಿಗೂ ಬಡಿಸಿದೆವು. ಅವರು ಅದನ್ನು ನುಂಗದೆ ಅಗಿದು ಅಗಿದು ದವಡೆ ನೋಯಿಸಿಕೊಂಡರು. ಆದರೂ ಎರಡನೆಯ ಮುದ್ದೆ ಬೇಡವೆನ್ನಲಿಲ್ಲ.

ನನಗೆ ನಗು ತರಿಸಿದ್ದು ಅವರ ಬಾವಿ. ಮನೆಯ ಹಿಂದೆ ಒಂದು ಗುಂಡಿ, ನನ್ನ ಎದೆಯಷ್ಟು ಆಳ. ರಾಟೆಯಿಲ್ಲ, ಹಗ್ಗವಿಲ್ಲ, ಒಂದು ಕೋಲಿಗೆ ತೆಂಗಿನ ಚಿಪ್ಪು ಕಟ್ಟಿ ನೀರು ಮೊಗೆಯುತ್ತಾರೆ.

"ಇದನ್ನ ಬಾವಿ ಅಂತೀರಾ ಕಾಕಾ? ನಮ್ಮೂರಲ್ಲಿ ಎಮ್ಮೆ ಹೊರಳೋ ಗುಂಡಿ ಇದಕ್ಕಿಂತ ಆಳ ಇರ್ತದೆ. ಒಂದು ಗುದ್ದಲಿ ಕೊಡಿ, ನಾಳೆ ಹೊತ್ತಿಗೆ ಇಪ್ಪತ್ತು ಅಡಿ ಇಳಿಸ್ತೀನಿ" ಎಂದೆ. ನಿಜವಾಗಿಯೂ ಪಂಚೆ ಎತ್ತಿ ಕಟ್ಟಿದ್ದೆ.

ಕೋಯಾ ಕಾಕ ಗಾಬರಿಯಿಂದ ನನ್ನ ತೋಳು ಹಿಡಿದರು. "ಬೇಡ ಮಾರಾಯ್ರೇ! ಎರಡು ಮೊಳ ಕೆಳಗೆ ಸಮುದ್ರ ಉಂಟು. ಮಳೆಯ ನೀರು ಅದರ ಮೇಲೆ ತೇಲುವುದು. ಅಗೆದರೆ ಉಪ್ಪು ಬರ್ತದೆ, ಮತ್ತೆ ಹೋಗುವುದಿಲ್ಲ."

ಸರೋಜ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಣ್ಣ, ಇಲ್ಲಿ ಆಳಕ್ಕೆ ಹೋಗ್ದೆ ಇರೋದೇ ಕೆಲ್ಸ" ಎಂದಳು. ಸಮುದ್ರದಲ್ಲಿ ಉಬ್ಬರ ಬಂದರೆ ಆ ಗುಂಡಿಯ ನೀರೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ ಎಂದು ಅವಳೇ ತೋರಿಸಿದಳು. ಅರವತ್ತು ಅಡಿಯ ಬಾವಿ ತೋಡುವವರ ಮಗ ನಾನು, ಅಲ್ಲಿ ಗುದ್ದಲಿ ಮುಟ್ಟದೆ ಪಂಚೆ ಇಳಿಬಿಟ್ಟೆ.

ಮರುದಿನ ನೆರೆಮನೆಯ ಹೆಂಗಸರೊಡನೆ ಸರೋಜ ನಾರು ಹೊಸೆಯುತ್ತಾ ಕೂತಿದ್ದಳು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಸಮುದ್ರದ ಮರಳಿನಲ್ಲಿ ಹೂತು ಕೊಳೆಸಿ, ಬಡಿದು, ನಾರು ತೆಗೆಯುತ್ತಾರೆ. ಅದನ್ನು ಹುರಿ ಮಾಡುವವರು ಅಲ್ಲಿ ಹೆಂಗಸರೇ. ನನಗೆ ಅಪ್ಪನ ನೆನಪಾಯಿತು.

"ಅಪ್ಪ ನೋಡಿದ್ರೆ ಸುಮ್ನಿರ್ತಾರಾ?"

"ಅಪ್ಪಂಗೇ ಕಣಣ್ಣ ಇದು" ಎಂದು ಒಳಗಿನಿಂದ ಒಂದು ಸುರುಳಿ ಹಗ್ಗ ತಂದಿಟ್ಟಳು. ಹುರಿಯೆಲ್ಲ ಅವಳೇ ಹೊಸೆದದ್ದು. ಕೋಯಾ ಕಾಕ ಮೂರು ಮೂರು ಹುರಿ ಸೇರಿಸಿ ಹಗ್ಗ ಮಾಡಿಕೊಟ್ಟಿದ್ದರು. "ನಮ್ಮ ಬಾವಿಗೆ ಎಟುಕೋ ಅಷ್ಟು ಉದ್ದ ಮಾಡಿದ್ದೀನಿ. ಇಷ್ಟುದ್ದದ ಹಗ್ಗ ಯಾವ ಬಾವಿಗೆ ಅಂತ ಇವ್ರೆಲ್ಲ ದಿನಾ ಆಡ್ಕೊಂಡು ನಗ್ತಿದ್ರು. ಅಪ್ಪ ಬೈಯ್ದು ಎಸೆದ್ರೂ ಎಸೀಲಿ. ಕೊಡೋದಂತೂ ಕೊಡ್ತೀನಿ."

ನಾನು ಹಗ್ಗ ಎಳೆದು ನೋಡಿದೆ. ಎಲ್ಲಿಯೂ ಒಂದು ಕಡೆ ತೆಳ್ಳಗೆ ಒಂದು ಕಡೆ ದಪ್ಪಗೆ ಇರಲಿಲ್ಲ. ನನ್ನ ಕೈಯಿಂದ ಅಂಥದ್ದು ಬರುತ್ತಿರಲಿಲ್ಲ ಎಂದು ತಿಳಿದು ಹೆಮ್ಮೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೂರನೆಯ ದಿನ ಮಧ್ಯಾಹ್ನ ನಾಗರಾಜು ಕಚೇರಿಯಿಂದ ಓಡಿಬಂದರು. "ಮುನಿರಾಜಣ್ಣ, ಹವಾ ಕೆಡ್ತಾ ಇದೆ. ಹಡಗು ಒಂದು ದಿನ ಮೊದ್ಲೇ ಬರ್ತದಂತೆ. ನಾಳೆ ಬೆಳಿಗ್ಗೆ. ಇದೇ ಕೊನೇದು." ಅವರಿಗೆ ರಜೆಯಿರಲಿಲ್ಲ. ಮಳೆಗಾಲ ಮುಗಿಯುವವರೆಗೆ ದ್ವೀಪಕ್ಕೂ ಹೊರಗಿನ ಲೋಕಕ್ಕೂ ಇದ್ದ ಒಂದೇ ನಂಟು ಅವರ ವೈರ್‌ಲೆಸ್ಸು.

ಬೆಳಿಗ್ಗೆ ನೈಋತ್ಯದಲ್ಲಿ ಮೋಡ ಕಪ್ಪಗೆ ಕಟ್ಟಿತ್ತು. ಸರೋಜಳಿಗೆ ಬಳೆ ತೊಡಿಸಿ, ದೊಡ್ಡಬಳ್ಳಾಪುರದ ಸೀರೆ ಉಡಿಸಿ, ನಾನು ತಂದ ಅಕ್ಕಿ ಬೆಲ್ಲ ಕಾಯಿ ಮಡಿಲಿಗೆ ಹಾಕಿದೆವು. ನೋಡುತ್ತಾ ನಿಂತಿದ್ದ ನೆರೆಮನೆಯ ಹೆಂಗಸರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಮನೆಗೆ ಓಡಿದರು, ಹಿಂದಿರುಗಿ ಬಂದು ಅವರೂ ಒಂದೊಂದು ಕಾಯಿ ಮಡಿಲಿಗಿಟ್ಟರು. ಭಾರ ತಡೆಯಲಾರದೆ ಸರೋಜ ನಕ್ಕಳು, ಆಮೇಲೆ ಅವರನ್ನೆಲ್ಲ ತಬ್ಬಿಕೊಂಡು ಅತ್ತಳು.

ಪಡುವಣ ಕಡೆ ಅಲೆ ಜೋರಾಗಿದ್ದರಿಂದ ಹಡಗು ಮೂಡಣಕ್ಕೆ ಬಂದು ನಿಂತಿತ್ತು. ಆ ಬದಿಯಲ್ಲಿ ಒಳಗಿನ ಶಾಂತ ನೀರಿಲ್ಲ, ದಡ ಬಿಟ್ಟ ಕೂಡಲೇ ತೆರೆ. ಕೋಯಾ ಕಾಕ ಚುಕ್ಕಾಣಿ ಹಿಡಿದರು, ನಾಲ್ವರು ಹುಟ್ಟು ಹಾಕಿದರು, ಹಡಗಿನವರೆಗೆ ಬಿಡಲು ಬಂದ ನಾಗರಾಜು ಮತ್ತು ನನ್ನ ನಡುವೆ ಸರೋಜ ಕೂತಳು. ಹಡಗಿನ ಪಕ್ಕ ತಲುಪಿದಾಗ ದೋಣಿ ಒಂದು ಗಳಿಗೆ ಆಳೆತ್ತರ ಏರುತ್ತಿತ್ತು, ಮರುಗಳಿಗೆ ಕುಸಿಯುತ್ತಿತ್ತು. ಹಡಗಿನಿಂದ ಒಂದು ಹಗ್ಗದ ಏಣಿ ನೇತಾಡುತ್ತಿತ್ತು.

ಮೇಲಿನಿಂದ ಹಡಗಿನ ಅಧಿಕಾರಿ ಕೈ ಅಡ್ಡ ಆಡಿಸಿ ಕೂಗಿದರು. ನಾಗರಾಜು ನನಗೆ ಹೇಳಿದರು: "ಬಸುರಿ ಹೆಂಗ್ಸು ಈ ಏಣಿ ಹತ್ತೋಕಾಗಲ್ಲ ಅಂತಾರೆ. ಬೇಕಾದ್ರೆ ಸಾಮಾನು ಎತ್ತೋ ಬಲೆ ಇಳಿಸ್ತಾರಂತೆ, ಇಲ್ದಿದ್ರೆ ವಾಪಸ್ ಹೋಗಿ ಅಂತಾರೆ." ಅವರ ಮುಖ ಬಿಳಿಚಿಕೊಂಡಿತ್ತು.

"ನಾನೇನು ಕೊಬ್ಬರಿ ಮೂಟೆನಾ?" ಎಂದಳು ಸರೋಜ. ಅವಳ ಮಾತು ಬಿಡಿ, ಬಲೆ ಬಿಗಿದರೆ ಹೊಟ್ಟೆ ಅಮುಕುತ್ತದೆ. ಅಷ್ಟು ನನಗೂ ಗೊತ್ತಿತ್ತು.

ಆಗ ನನಗೆ ನಮ್ಮ ಬಾವಿ ಕಣ್ಣಿಗೆ ಕಟ್ಟಿತು. ಇಲ್ಲಿ ಆಳ ಮೇಲಕ್ಕಿತ್ತು, ಅಷ್ಟೇ ವ್ಯತ್ಯಾಸ. "ಭಾವ, ಬಲೆ ಬೇಡ, ಅದನ್ನ ಎತ್ತೋ ಕೊಕ್ಕೆ ಮಾತ್ರ ಇಳಿಸೋಕೆ ಹೇಳಿ. ಮಣೆ ನಾನು ಕಟ್ತೀನಿ" ಎಂದೆ. ಕೋಯಾ ಕಾಕ ತಾವು ಕೂತಿದ್ದ ಅಡ್ಡಹಲಗೆಯನ್ನೇ ಕಿತ್ತು ಕೊಟ್ಟರು. ಹಗ್ಗಕ್ಕಾಗಿ ನಾನು ಅಪ್ಪನಿಗೆಂದು ಒಯ್ಯುತ್ತಿದ್ದ ಸುರುಳಿ ಬಿಚ್ಚಿದೆ.

"ಕತ್ತರಿಸ್ಬೇಡ ಅಣ್ಣ! ಬಾವಿಗೆ ಸಾಲ್ದೆ ಹೋಗ್ತದೆ" ಎಂದಳು ಸರೋಜ. ಆ ಹೊತ್ತಿನಲ್ಲೂ ಅವಳಿಗೆ ಅದೇ ಚಿಂತೆ.

ಕತ್ತರಿಸಲಿಲ್ಲ. ಒಂದು ತುದಿಯಿಂದ ಹಲಗೆಯ ನಾಲ್ಕು ಮೂಲೆಗೂ ಕುಣಿಕೆ ಹಾಕಿ, ಕೊಕ್ಕೆಗೆ ಸಿಕ್ಕಿಸುವಂತೆ ಮೇಲೆ ಒಂದುಗೂಡಿಸಿದೆ. ಎದೆಗೂ ಬೆನ್ನಿಗೂ ಒಂದೊಂದು ಸುತ್ತು ಬಿಟ್ಟೆ, ಹೊಟ್ಟೆಗೆ ಎಲ್ಲಿಯೂ ಹಗ್ಗ ತಾಗದಂತೆ ನೋಡಿಕೊಂಡೆ. ಇನ್ನೊಂದು ತುದಿಯನ್ನು ಉದ್ದಕ್ಕೆ ಕೆಳಗೆ ಇಳಿಬಿಟ್ಟೆ. ನಾವು ಅದನ್ನು ಬಾಲದ ಹಗ್ಗ ಎನ್ನುತ್ತೇವೆ. ಕೆಳಗಿನಿಂದ ಒಬ್ಬ ಅದನ್ನು ಎಳೆದು ಹಿಡಿದಿದ್ದರೆ ಮಣೆ ಗಿರಕಿ ಹೊಡೆದು ಬಾವಿಯ ಗೋಡೆಗೆ ಬಡಿಯುವುದಿಲ್ಲ. ಇಲ್ಲಿ ಗೋಡೆಯೆಂದರೆ ಹಡಗಿನ ಕಬ್ಬಿಣ. ಅಧಿಕಾರಿ ಮೇಲಿಂದಲೇ ನೋಡುತ್ತಿದ್ದು, ಕಟ್ಟಿದವನೇ ಮೊದಲು ಕೂರಲಿ ಎಂದರು. ನ್ಯಾಯವಾದ ಮಾತು. ಕೂತೆ. ಕೊಕ್ಕೆ ನನ್ನನ್ನು ಡೆಕ್ಕಿನ ಎತ್ತರಕ್ಕೆ ಎತ್ತಿ, ಮತ್ತೆ ದೋಣಿಗೆ ಇಳಿಸಿತು. ಅವರು ತಲೆಯಾಡಿಸಿದರು.

ಸರೋಜಳನ್ನು ಕೂರಿಸಿ ಬಾಲದ ಹಗ್ಗ ನಾನು ಹಿಡಿದೆ. ಯಾವಾಗ ಎತ್ತಬೇಕೆಂಬುದು ಮಾತ್ರ ನನಗೆ ತಿಳಿಯದ ವಿದ್ಯೆ. ದೋಣಿ ಕುಸಿಯುವಾಗ ಎತ್ತಿದರೆ ಹಗ್ಗ ಜಗ್ಗಿ ಅವಳನ್ನು ಕುಲುಕಿಬಿಡುತ್ತದೆ. ಕೋಯಾ ಕಾಕ ಹಡಗನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ, ಬರುವ ತೆರೆಗಳನ್ನೇ ನೋಡುತ್ತಿದ್ದರು. "ನಿಲ್ಲಿ… ನಿಲ್ಲಿ… ಇದು ಬೇಡ…" ಎಂದರು. ದೋಣಿ ಮತ್ತೆ ಏರತೊಡಗಿತು. ಏರಿ ತುದಿ ಮುಟ್ಟುವ ಹೊತ್ತಿಗೆ, "ಈಗ!" ಎಂದು ಕೈ ಎತ್ತಿ ಕೂಗಿದರು.

ದೋಣಿ ಅವಳ ಕಾಲಡಿಯಿಂದ ಜಾರಿ ಕೆಳಗೆ ಹೋಯಿತು. ಸರೋಜ ಗಾಳಿಯಲ್ಲಿದ್ದಳು, ಎರಡೂ ಕೈಯಲ್ಲಿ ತಾನು ಹೊಸೆದ ಹಗ್ಗ ಹಿಡಿದು. "ಅಣ್ಣ, ಬಾಲ ಬಿಡ್ಬೇಡ!" ಎಂದು ಕೂಗಿದಳು. "ಬಿಡಲ್ಲ ಕಣೇ!" ಎಂದೆ. ನನ್ನ ಅಂಗೈ ಸುಲಿಯಿತು, ಬಿಡಲಿಲ್ಲ. ಮಣೆ ಒಂದು ಸುತ್ತೂ ತಿರುಗಲಿಲ್ಲ. ಡೆಕ್ಕಿನ ಹೆಂಗಸರು ಅವಳನ್ನು ಸೊಂಟ ಹಿಡಿದು ಒಳಗೆ ಎಳೆದುಕೊಂಡಾಗ, ನನ್ನ ತೆಂಗಿನಕಾಯಿ ನೋಡಿ ನಕ್ಕ ಊರಿನವರೆಲ್ಲ ದಡದಲ್ಲಿ ಕೂಗು ಹಾಕಿದರು. ನಾಗರಾಜು ದೋಣಿಯ ತಳದಲ್ಲಿ ಕೂತು ಮುಖ ಮುಚ್ಚಿಕೊಂಡು ಬಿಕ್ಕಿದರು. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ, ನನ್ನ ಮೇಲೂ, ನನ್ನ ತಂಗಿಯ ಮೇಲೂ, ಆ ಮುದುಕನ ಮೇಲೂ.

ನಾನು ಏಣಿ ಹತ್ತುವ ಮೊದಲು ಕೋಯಾ ಕಾಕ ನನ್ನ ಬೆನ್ನು ತಟ್ಟಿದರು. "ನಿಮ್ಮ ಬಾವಿ ಆಳ ಉಂಟು ಅಂತ ಈಗ ನಂಬಿದೆ ಮಾರಾಯ್ರೇ" ಎಂದರು. ಹಡಗು ಹೊರಟಾಗ ಹಲಗೆಯಿಲ್ಲದ ದೋಣಿಯಲ್ಲಿ ಅವರು ನಿಂತೇ ಹೋಗುತ್ತಿದ್ದರು. ಹಸಿರು ಗೆರೆ, ಬಿಳಿ ಗೆರೆ, ಆಮೇಲೆ ಮಳೆ. ಕಿಲ್ತಾನ್ ಮತ್ತೆ ಕಾಣಲಿಲ್ಲ.

ಕಲ್ಲಿಕೋಟೆಯಲ್ಲಿ ಮಳೆ ಸುರಿಯುತ್ತಿತ್ತು. ಸರೋಜಳ ದಣಿವು ಆರಿಸಲು ಅಲ್ಲೊಂದು ದಿನ, ಮೈಸೂರಿನಲ್ಲೊಂದು ದಿನ ನಿಂತು, ಬೆಂಗಳೂರು ದಾಟಿ ಊರಿಗೆ ಬಂದೆವು. ನಮ್ಮ ಕಡೆ ಇನ್ನೂ ಹನಿ ಬಿದ್ದಿರಲಿಲ್ಲ, ಕೆಂಪು ಧೂಳು ಹಾರುತ್ತಿತ್ತು. ಅವ್ವ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಅಪ್ಪ ಮಗಳ ತಲೆ ಸವರಿ, ನನ್ನ ಹೆಗಲ ಮೇಲಿದ್ದ ಹಗ್ಗದ ಸುರುಳಿಯನ್ನು ಇಳಿಸಿಕೊಂಡರು. ನಾನು ಸಮುದ್ರದ ಕಥೆ ಹೇಳುತ್ತಿದ್ದರೆ ಅವರು ಅದನ್ನು ಮೊಳ ಮೊಳವಾಗಿ ಬೆರಳುಗಳ ನಡುವೆ ಎಳೆಯುತ್ತಿದ್ದರು.

"ಯಾರ್ಲಾ ಹೊಸ್ದಿದ್ದು ಇದನ್ನ? ಆ ದೋಣಿಯೋರಾ?"

"ಹಗ್ಗ ಸೇರಿಸಿದ್ದು ಅವ್ರು. ಹುರಿ ಪೂರ್ತಿ ನಿಮ್ಮ ಮಗಳ್ದು."

ಸರೋಜ ಕಂಬ ಹಿಡಿದು ನಿಂತಿದ್ದಳು. ಬೈಗುಳಕ್ಕೆ ಅಣಿಯಾದವಳಂತೆ ನೆಲ ನೋಡುತ್ತಿದ್ದಳು. ಅಪ್ಪ ಎದ್ದು ಹಿತ್ತಲ ಬಾವಿಗೆ ಹೋದರು. ರಾಟೆಯ ಮೇಲಿದ್ದ ತಮ್ಮ ಕತ್ತಾಳೆ ಹಗ್ಗವನ್ನು ಬಿಚ್ಚಿ ಪಕ್ಕಕ್ಕೆ ಹಾಕಿ, ಇದನ್ನು ಏರಿಸಿ, ಬಿಂದಿಗೆ ಕಟ್ಟಿ ಇಳಿಬಿಟ್ಟರು. ಬೇಸಿಗೆಯ ಕೊನೆ, ನೀರು ತಳ ಹಿಡಿದಿತ್ತು. ಸುರುಳಿ ಕರಗುತ್ತಾ ಬಂತು. ಸರೋಜ ಕಂಬ ಬಿಟ್ಟು ಹಿತ್ತಲ ಬಾಗಿಲಿಗೆ ಬಂದಳು. ಕೆಳಗೆ ಬಿಂದಿಗೆ ನೀರು ಮುಟ್ಟಿದ ಸದ್ದಾಯಿತು. ಅಪ್ಪನ ಕೈಯಲ್ಲಿ ಇನ್ನೂ ಒಂದು ಮೊಳ ಉಳಿದಿತ್ತು.

ಅಪ್ಪ ನೀರು ಸೇದಿ, ಚೊಂಬಿಗೆ ಬಗ್ಗಿಸಿ, ಅವಳ ಕೈಗೆ ಕೊಟ್ಟರು.

"ಕುಡಿ ಮಗಾ. ನಿನ್ನ ಹಗ್ಗದ ನೀರು."